ಅರಿವಿಗಾಗಿ ಪ್ರಾರ್ಥಿಸಿದ ಪಂಡಿತೆ: ರಮಾಬಾಯಿಯವರ ಜೀವನ

ಪಂಡಿತಾ ರಮಾಬಾಯಿಯವರ ಹೆಸರು ಕೇಳಿದೊಡನೆ ನಮ್ಮಲ್ಲಿ ಹಲವರಿಗೆ ನೆನಪಾಗುವುದು ಮುಂಬಯಿ, ಪುಣೆ ಮತ್ತು ಕೇಡಗಾಂವ್. ಅವರು ಹುಟ್ಟಿದ್ದು ಕನ್ನಡ ನಾಡಿನ ಕಾಡಿನಲ್ಲಿ ಎಂಬ ಸಂಗತಿ ಅಷ್ಟಾಗಿ ನೆನಪಿಗೆ ಬರುವುದಿಲ್ಲ. ತುಂಗಾ, ಭದ್ರಾ, ನೇತ್ರಾವತಿ ನದಿಗಳ ಉಗಮಸ್ಥಾನವಾದ ಗಂಗಾಮೂಲದಲ್ಲಿ 1858ರ ಏಪ್ರಿಲ್ 23ರಂದು ಅವರು ಜನಿಸಿದರು. ವಿದ್ಯೆಯ ಹಸಿವು ಮತ್ತು ದೇವರನ್ನು ಅರಿಯಬೇಕೆಂಬ ಹಸಿವು, ಇವೆರಡೂ ಅವರ ಬಾಳಿನಲ್ಲಿ ಕೊನೆಯವರೆಗೆ ಜೊತೆಜೊತೆಯಾಗಿ ನಡೆದವು. ನೂರು ವರ್ಷಗಳ ಕಾಲ ಮಕ್ಕಳಿಗೆ ತಾಯ್ನುಡಿಯಲ್ಲಿ ಅಕ್ಷರ ಕಲಿಸಿದ ಶಾಲೆಯೊಂದರ ಸ್ಮರಣ ಸಂಚಿಕೆಯಲ್ಲಿ ಅವರ ಬದುಕನ್ನು ನೆನೆಯುವುದು ಉಚಿತವೆನಿಸುತ್ತದೆ.

ತಾಯಿಯ ಪಾಠ

ತಂದೆ ಅನಂತಶಾಸ್ತ್ರಿ ಡೋಂಗ್ರೆಯವರು ಕಾರ್ಕಳದ ಬಳಿಯ ಮಾಳದ ಮನೆತನದವರು. ಸಂಸ್ಕೃತದಲ್ಲಿ ಉದ್ದಾಮ ಪಂಡಿತರು. ಪುಣೆಯಲ್ಲಿ ಓದುತ್ತಿದ್ದಾಗ ಪೇಶ್ವೆಯ ಮನೆತನದ ಸ್ತ್ರೀಯೊಬ್ಬರು ಸಂಸ್ಕೃತ ಶ್ಲೋಕಗಳನ್ನು ಪಠಿಸುವುದನ್ನು ಕೇಳಿ ಅವರು ಬೆರಗಾದರು. ತಮ್ಮ ಪತ್ನಿಗೂ ಆ ಭಾಷೆಯನ್ನು ಕಲಿಸಬೇಕೆಂದು ಅಂದೇ ಸಂಕಲ್ಪ ಮಾಡಿದರು. ಸ್ತ್ರೀಗೆ ದೇವಭಾಷೆ ಕಲಿಸುವುದು ಅಂದಿನ ಸಮಾಜಕ್ಕೆ ಸಹ್ಯವಾಗಲಿಲ್ಲ. ಉಡುಪಿಯಲ್ಲಿ ವಿದ್ವಾಂಸರ ಮುಂದೆ ನಿಂತು ಅವರು ತಮ್ಮ ನಡೆಯನ್ನು ಶಾಸ್ತ್ರಾಧಾರಗಳೊಡನೆ ಸಮರ್ಥಿಸಿಕೊಳ್ಳಬೇಕಾಯಿತು. ಬಳಿಕ ಜನವಸತಿಯಿಂದ ದೂರ ಸರಿದು ಗಂಗಾಮೂಲದಲ್ಲಿ ಮನೆ ಕಟ್ಟಿಕೊಂಡು, ಪತ್ನಿ ಲಕ್ಷ್ಮೀಬಾಯಿಗೆ ವಿದ್ಯೆಯನ್ನು ಧಾರೆಯೆರೆದರು.

ಆ ವಿದ್ಯೆ ತಾಯಿಯಿಂದ ಮಗಳಿಗೆ ಹರಿದುಬಂತು. ರಮಾಬಾಯಿ ಆರು ತಿಂಗಳ ಕೂಸಾಗಿದ್ದಾಗಲೇ ಕುಟುಂಬವು ತೀರ್ಥಯಾತ್ರೆಗೆ ಹೊರಟಿತು. ಬೆತ್ತದ ಬುಟ್ಟಿಯಲ್ಲಿ ಮಲಗಿಸಿದ ಮಗುವನ್ನು ಆಳೊಬ್ಬನು ತಲೆಯ ಮೇಲೆ ಹೊತ್ತು ಬೆಟ್ಟ ಇಳಿದನು. ಅಲ್ಲಿಂದ ಮುಂದೆ ಅವರಿಗೆ ನೆಲೆಯೆಂಬುದೇ ಇರಲಿಲ್ಲ. ದೇವಾಲಯಗಳ ಅಂಗಳದಲ್ಲಿ, ನದಿಗಳ ತೀರದಲ್ಲಿ ಪುರಾಣ ಓದಿ, ಕೇಳಿದವರು ಕೊಟ್ಟ ಕಾಣಿಕೆಯಿಂದ ಬದುಕುವುದು ಆ ಕುಟುಂಬದ ರೀತಿಯಾಯಿತು. ತಾಯಿಗೆ ಹಗಲಿಡೀ ಬಿಡುವಿಲ್ಲದ ದುಡಿಮೆ. ಆದ್ದರಿಂದ ನಸುಕಿಗೆ ಮೊದಲೇ ಮಗಳನ್ನು ಎಬ್ಬಿಸಿ, ಹಕ್ಕಿಗಳು ಕೂಗುವ ಹೊತ್ತಿಗೆ ಪಾಠ ಮುಗಿಸುತ್ತಿದ್ದರು. ಹನ್ನೆರಡರ ಹರೆಯಕ್ಕೆ ಭಾಗವತದ 18,000 ಶ್ಲೋಕಗಳು ಬಾಲಕಿಗೆ ಕಂಠಸ್ಥವಾಗಿದ್ದವು. ಮನೆಮಾತು ಮರಾಠಿ, ಯಾತ್ರೆಯ ದಾರಿ ಕಲಿಸಿದ ಭಾಷೆಗಳಲ್ಲಿ ಕನ್ನಡವೂ ಒಂದು. ಕನ್ನಡ, ತೆಲುಗು, ತಮಿಳು ಒಂದೇ ಬೀದಿಯಲ್ಲಿ ಕೇಳಿಬರುವ ಹೊಸೂರು, ಕೃಷ್ಣಗಿರಿಯ ಮಕ್ಕಳಿಗೆ ಇಂಥ ಬಾಲ್ಯ ಅಪರಿಚಿತವೇನಲ್ಲ.

ಕ್ಷಾಮ ಎತ್ತಿದ ಪ್ರಶ್ನೆ

1870ರ ದಶಕದಲ್ಲಿ ಮದರಾಸು ಪ್ರಾಂತವನ್ನು ಬರಗಾಲ ಆವರಿಸಿತು. 1876ರಿಂದ 1878ರವರೆಗಿನ ಮಹಾಕ್ಷಾಮದಲ್ಲಿ, ಹೊಸೂರು ಮತ್ತು ಕೃಷ್ಣಗಿರಿ ತಾಲ್ಲೂಕುಗಳನ್ನು ಒಳಗೊಂಡಿದ್ದ ಸೇಲಂ ಜಿಲ್ಲೆಯೂ ಘೋರವಾಗಿ ಬೆಂದಿತು. ಮಹಾಕ್ಷಾಮಕ್ಕೆ ಮೊದಲೇ, ಅದೇ ದಶಕದ ಕೊರತೆಯ ದಿನಗಳಲ್ಲಿ ಡೋಂಗ್ರೆ ಕುಟುಂಬದ ಗಂಟು ಕರಗಿಹೋಗಿತ್ತು. ಉಳಿದಿದ್ದುದನ್ನೆಲ್ಲ ದಾನಕ್ಕೂ ಪೂಜೆಗೂ ವಿನಿಯೋಗಿಸಿ, ದೈವಾನುಗ್ರಹಕ್ಕಾಗಿ ಕಾದರು. ಕೊನೆಗೆ ಕಾಡಿನ ಎಲೆ, ಕಾಯಿಗಳೇ ಆಹಾರವಾದವು. ತಂದೆ, ತಾಯಿ, ಅಕ್ಕ ಒಬ್ಬರ ಹಿಂದೊಬ್ಬರಂತೆ ತೀರಿಕೊಂಡರು. ತಂದೆ ಕಣ್ಣು ಮುಚ್ಚುವ ಮುನ್ನ ಕಿರಿಯ ಮಗಳನ್ನು ಬಳಿಗೆ ಕರೆದು, ಎಂಥ ಕಷ್ಟದಲ್ಲಿಯೂ ಸನ್ಮಾರ್ಗವನ್ನು ಬಿಡದಿರುವಂತೆ, ದೇವರ ಸೇವೆಯಲ್ಲೇ ಬಾಳುವಂತೆ ಹೇಳಿ ಆಕೆಯನ್ನು ದೇವರ ಕೈಗೊಪ್ಪಿಸಿದರು.

ಉಳಿದವರು ರಮಾಬಾಯಿ ಮತ್ತು ಅಣ್ಣ ಶ್ರೀನಿವಾಸ. ಇಬ್ಬರೂ ಕಾಲ್ನಡಿಗೆಯಲ್ಲಿ ಉತ್ತರದ ಕಾಶ್ಮೀರದವರೆಗೂ ಅಲೆದರು. ಹೊದೆಯಲು ಬಟ್ಟೆಯಿಲ್ಲದ ಚಳಿಯ ರಾತ್ರಿಗಳಲ್ಲಿ ನದೀತೀರದ ಮರಳಲ್ಲಿ ಗುಂಡಿ ತೋಡಿ, ಕುತ್ತಿಗೆಯವರೆಗೆ ಮರಳು ಹೊದ್ದು ಮಲಗಿದರು. ಶಾಸ್ತ್ರಗಳೆಲ್ಲ ಬಾಯಲ್ಲಿದ್ದವು, ಆದರೆ ಅವುಗಳು ಹೇಳುವ ದೇವರು ತನಗೆ ಗೊತ್ತಿದ್ದಾನೆಯೇ ಎಂಬ ಪ್ರಶ್ನೆ ಆ ದಾರಿಯಲ್ಲಿ ಅವರೊಳಗೆ ಮೊಳೆಯಿತು.

1878ರಲ್ಲಿ ಅಣ್ಣತಂಗಿಯರು ಕಲ್ಕತ್ತೆ ತಲುಪಿದರು. ಇಪ್ಪತ್ತರ ತರುಣಿಯ ಪಾಂಡಿತ್ಯವನ್ನು ಪರೀಕ್ಷಿಸಿದ ವಿದ್ವಾಂಸರು ಆಕೆಗೆ ಪಂಡಿತಾ, ಸರಸ್ವತೀ ಎಂಬ ಬಿರುದುಗಳನ್ನು ಕೊಟ್ಟು ಗೌರವಿಸಿದರು. ಕೇಶವಚಂದ್ರ ಸೇನರು ವೇದದ ಪ್ರತಿಯೊಂದನ್ನು ಕೈಗಿತ್ತು ಓದಲು ಪ್ರೇರೇಪಿಸಿದರು. ಕ್ರೈಸ್ತರ ಪ್ರಾರ್ಥನೆಯನ್ನು ಅವರು ಮೊದಲು ಕಂಡದ್ದೂ ಅದೇ ನಗರದಲ್ಲಿ. ಮಂಡಿಯೂರಿ ಕುರ್ಚಿಗಳತ್ತ ಮುಖ ಮಾಡಿ ಕಣ್ಣು ಮುಚ್ಚಿದವರನ್ನು ನೋಡಿ, ಇವರು ಕುರ್ಚಿಗಳಿಗೇ ನಮಸ್ಕರಿಸುತ್ತಿರಬೇಕೆಂದು ಅವರು ಭಾವಿಸಿದರು. ಕೈಗೆ ಬಂದ ಸಂಸ್ಕೃತ ಬೈಬಲಿನ ಭಾಷೆಯೂ ತಾವು ಓದಿದ ಸಂಸ್ಕೃತಕ್ಕಿಂತ ಬೇರೆಯಾಗಿ ತೋರಿ, ಅರ್ಥ ಹತ್ತಲಿಲ್ಲ.

ಪ್ರಶ್ನಿಸುತ್ತಲೇ ಪ್ರಾರ್ಥಿಸಿದವರು

1880ರಲ್ಲಿ ಅಣ್ಣ ತೀರಿಕೊಂಡರು. ಅದೇ ವರ್ಷ ರಮಾಬಾಯಿ ಬಂಗಾಳದ ವಕೀಲ ಬಿಪಿನ್ ಬಿಹಾರಿ ಮೇಧಾವಿಯವರನ್ನು ಜಾತಿಯ ಕಟ್ಟು ಮೀರಿ ವಿವಾಹವಾದರು. ಪತಿಯ ಪುಸ್ತಕಗಳ ನಡುವೆ ಬಂಗಾಳಿಯಲ್ಲಿದ್ದ ಲೂಕನ ಸುವಾರ್ತೆ ಸಿಕ್ಕಿತು. ಈ ಸಲ ಓದು ಹಿಡಿಸಿತು. ಮಗಳು ಮನೋರಮಾ ಹುಟ್ಟಿ ಒಂದು ವರ್ಷ ತುಂಬುವ ಮೊದಲೇ, 1882ರಲ್ಲಿ, ಪತಿ ಕಾಲರಾಕ್ಕೆ ಬಲಿಯಾದರು. ಇಪ್ಪತ್ತಮೂರರ ವಿಧವೆ ಕೂಸನ್ನೆತ್ತಿಕೊಂಡು ಪುಣೆಗೆ ಬಂದು, ಆರ್ಯ ಮಹಿಳಾ ಸಮಾಜವನ್ನು ಸ್ಥಾಪಿಸಿ, ಸ್ತ್ರೀಶಿಕ್ಷಣದ ಪರವಾಗಿ ಹಂಟರ್ ಆಯೋಗದ ಮುಂದೆ ಸಾಕ್ಷ್ಯ ನುಡಿದರು.

ವೈದ್ಯವಿದ್ಯೆ ಕಲಿಯುವ ಆಸೆಯಿಂದ 1883ರಲ್ಲಿ ಇಂಗ್ಲೆಂಡಿಗೆ ಹೋದರು. ಕಿವುಡುತನ ಆ ಆಸೆಗೆ ಅಡ್ಡವಾಯಿತು. ಲಂಡನ್ನಿನಲ್ಲಿ, ಸಮಾಜವು ಪತಿತೆಯರೆಂದು ದೂರವಿಟ್ಟ ಹೆಂಗಸರನ್ನು ಕ್ರೈಸ್ತ ಸನ್ಯಾಸಿನಿಯರು ಆದರದಿಂದ ಸಲಹುತ್ತಿದ್ದುದನ್ನು ಅವರು ಕಂಡರು. ಈ ಕರುಣೆಯ ಮೂಲವೇನೆಂದು ಕೇಳಿದಾಗ, ಬಾವಿಯ ಬಳಿ ಯೇಸುವು ಸಮಾರ್ಯದ ಹೆಂಗಸಿನೊಡನೆ ಮಾತನಾಡಿದ ಪ್ರಸಂಗವನ್ನು ಸನ್ಯಾಸಿನಿಯೊಬ್ಬರು ಓದಿ ತಿಳಿಸಿದರು. ದೇವರನ್ನು ಈ ಬೆಟ್ಟದಲ್ಲಿ, ಆ ಊರಿನಲ್ಲಿ ಎಂದು ಹುಡುಕಬೇಕಿಲ್ಲ, ಆತ್ಮದಿಂದಲೂ ಸತ್ಯದಿಂದಲೂ ಆರಾಧಿಸಬೇಕೆಂಬ ಆ ಪ್ರಸಂಗದ ತಿರುಳು, ಸಾವಿರಾರು ಮೈಲಿ ತೀರ್ಥಯಾತ್ರೆ ಮಾಡಿ ದಣಿದಿದ್ದ ಜೀವಕ್ಕೆ ನಾಟಿತು. 1883ರ ಸೆಪ್ಟೆಂಬರ್ 29ರಂದು ವಾಂಟೇಜ್ ಎಂಬ ಊರಿನಲ್ಲಿ ಅವರು ದೀಕ್ಷಾಸ್ನಾನ ಪಡೆದರು.

ಈ ಸುದ್ದಿ ಪುಣೆಯ ಅನೇಕರನ್ನು ನೋಯಿಸಿತು. ಜ್ಯೋತಿಬಾ ಫುಲೆಯವರು ಮಾತ್ರ ಅವರ ಪರವಾಗಿ ಬರೆದರು. ಆದರೆ ಹೊಸ ಮತ ಸೇರಿದ ಮಾತ್ರಕ್ಕೆ ರಮಾಬಾಯಿ ತಮ್ಮ ಬುದ್ಧಿಯನ್ನು ಯಾರ ಕೈಗೂ ಒಪ್ಪಿಸಲಿಲ್ಲ. ತ್ರಿಯೇಕತ್ವವೇ ಮೊದಲಾದ ಸಿದ್ಧಾಂತಗಳನ್ನು ಸಭೆಯ ಆಜ್ಞೆಯೆಂಬ ಒಂದೇ ಕಾರಣಕ್ಕೆ ನಂಬಲು ಅವರು ಸಿದ್ಧರಿರಲಿಲ್ಲ. ವೇದವಾಕ್ಯದ ಆಧಾರ ಕೇಳಿದರು. ಧರಿಸಲು ಕೊಟ್ಟ ಶಿಲುಬೆಯ ಮೇಲೆ ಲ್ಯಾಟಿನ್ ಅಕ್ಷರಗಳಿದ್ದುದಕ್ಕೂ ಆಕ್ಷೇಪಿಸಿದರು. ತಮಗಾಗಲಿ ತಮ್ಮ ನಾಡಿನವರಿಗಾಗಲಿ ತಿಳಿಯದ ಭಾಷೆ ಏಕೆ, ಸಂಸ್ಕೃತದಲ್ಲಿ ಏಕಾಗಬಾರದು ಎಂಬುದು ಅವರ ವಾದ. ಮಾರ್ಗದರ್ಶಿಯಾಗಿದ್ದ ಸನ್ಯಾಸಿನಿ ಜೆರಾಲ್ಡೀನ್ ಇದನ್ನು ಅಹಂಕಾರವೆಂದು ಬಗೆದು ನೊಂದರು. ಚೆಲ್ಟನ್‌ಹ್ಯಾಮ್ ಕಾಲೇಜಿನ ಮುಖ್ಯಸ್ಥೆ ಡೊರೊಥಿಯಾ ಬೀಲ್ ತಾಳ್ಮೆಯಿಂದ ಚರ್ಚಿಸಿದರು. ವಿವೇಕದ ಕೊರತೆಯಿದ್ದವನು ದೇವರನ್ನೇ ಕೇಳಿಕೊಳ್ಳಲಿ ಎಂದು ಯಾಕೋಬನ ಪತ್ರವು ಬೋಧಿಸುತ್ತದೆ. ರಮಾಬಾಯಿ ಆ ಬೋಧೆಯನ್ನು ಅಕ್ಷರಶಃ ಅನುಸರಿಸಿದರೆಂದೇ ಹೇಳಬೇಕು. ಅವರ ಪಾಲಿಗೆ ಪ್ರಶ್ನೆ ಕೇಳುವುದೂ ಪ್ರಾರ್ಥನೆಯ ಒಂದು ಅಂಗವಾಗಿತ್ತು.

ಅರಿತದ್ದು ಮತ್ತು ಕಂಡದ್ದು

1886ರಲ್ಲಿ ಅಮೆರಿಕಕ್ಕೆ ತೆರಳಿ, ಮರುವರ್ಷ ಉಚ್ಚಜಾತಿಯ ಹಿಂದೂ ಸ್ತ್ರೀಯರ ಸ್ಥಿತಿಯನ್ನು ಕುರಿತು ಇಂಗ್ಲಿಷಿನಲ್ಲಿ ಪುಸ್ತಕ ಪ್ರಕಟಿಸಿದರು. ಅಲ್ಲಿ ದೊರೆತ ನೆರವಿನಿಂದ 1889ರ ಮಾರ್ಚ್ 11ರಂದು ಮುಂಬಯಿಯಲ್ಲಿ ಬಾಲವಿಧವೆಯರಿಗಾಗಿ ಶಾರದಾ ಸದನವನ್ನು ತೆರೆದರು. ಮೊದಲು ಸೇರಿದ ವಿಧವೆ ಗೋದೂಬಾಯಿ. ಮುಂದೆ ಧೋಂಡೋ ಕೇಶವ ಕರ್ವೆಯವರ ಪತ್ನಿಯಾದವರು ಅವರೇ.

ಹೊರಗಿನ ಕಾರ್ಯ ಹೀಗೆ ಬೆಳೆಯುತ್ತಿದ್ದಾಗ ಒಳಗೆ ಒಂದು ಕೊರತೆ ಅವರನ್ನು ಕಾಡುತ್ತಿತ್ತು. ಎಂಟು ವರ್ಷ ಕ್ರೈಸ್ತರಾಗಿ ಬಾಳಿದ್ದರು, ಧರ್ಮವನ್ನು ಒಪ್ಪಿದ್ದರು, ಗ್ರಂಥವನ್ನು ಅಭ್ಯಸಿಸಿದ್ದರು. 1891ರ ಸುಮಾರಿಗೆ ಇಂಗ್ಲೆಂಡಿನ ಪಾದ್ರಿಯೊಬ್ಬರ ಆತ್ಮಕಥೆ ಅವರ ಕೈಗೆ ಬಂತು. ವರ್ಷಗಟ್ಟಲೆ ಪೌರೋಹಿತ್ಯ ಮಾಡಿದ ಮೇಲೆ ತನಗೇ ನಂಬಿಕೆಯಿಲ್ಲವೆಂದು ಕಂಡುಕೊಂಡವರ ಕಥೆ ಅದು. ಅದನ್ನು ಓದಿದಾಗ ತಮ್ಮ ಸ್ಥಿತಿಯೂ ಅದೇ ಎಂಬುದು ಅವರಿಗೆ ಹೊಳೆಯಿತು. ಕ್ರಿಸ್ತನ ಧರ್ಮ ತಮಗೆ ದೊರೆತಿದೆ, ಕ್ರಿಸ್ತನು ಇನ್ನೂ ದೊರೆತಿಲ್ಲ ಎಂಬ ಅರಿವು ಅದು. ಸಂತ ಪೌಲನು ಎಫೆಸದವರಿಗೆ ಬರೆದ ಪತ್ರದಲ್ಲಿ, ಆಗಲೇ ನಂಬಿಕೆಯುಳ್ಳವರಿಗಾಗಿಯೇ, ಅವರು ದೇವರನ್ನು ಇನ್ನೂ ಚೆನ್ನಾಗಿ ಅರಿಯುವಂತೆ ಜ್ಞಾನವನ್ನು ಅನುಗ್ರಹಿಸಬೇಕೆಂದು ಪ್ರಾರ್ಥಿಸುತ್ತಾನೆ. ನಂಬಿದವರಿಗೆ ಇಂಥ ಪ್ರಾರ್ಥನೆ ಏಕೆಂಬುದಕ್ಕೆ ರಮಾಬಾಯಿಯವರ ಆ ದಿನಗಳೇ ಉತ್ತರ. ಪಾಂಡಿತ್ಯದ ಮೆಟ್ಟಿಲಿನಿಂದ ಇಳಿದು, ಏನೂ ತಿಳಿಯದ ಮಗುವಿನಂತೆ ಬೇಡಿಕೊಂಡಾಗ ತಮ್ಮ ಮನಸ್ಸಿಗೆ ಬೆಳಕೂ ನೆಮ್ಮದಿಯೂ ಬಂದವೆಂದು ಅವರು ಮುಂದೆ ದಾಖಲಿಸಿದರು.

ಅದರ ಬೆಲೆಯನ್ನೂ ತೆರಬೇಕಾಯಿತು. ಪುಣೆಗೆ ಸ್ಥಳಾಂತರಗೊಂಡಿದ್ದ ಸದನದಲ್ಲಿ ಅವರು ತಮ್ಮ ಕೋಣೆಯ ಬಾಗಿಲು ತೆರೆದಿಟ್ಟು ಪ್ರಾರ್ಥಿಸುತ್ತಿದ್ದರು. ಕೆಲವು ಹುಡುಗಿಯರು ತಾವಾಗಿ ಬಂದು ಕುಳಿತರು. ಧರ್ಮಬೋಧೆ ಮಾಡದ ಸಂಸ್ಥೆಯೆಂಬ ಭರವಸೆಯಿಂದ ಬೆಂಬಲಿಸಿದ್ದವರಿಗೆ ಇದು ಮಾತು ತಪ್ಪಿದಂತೆ ತೋರಿತು. ಹುಡುಗಿಯರನ್ನು ತಡೆಯುವುದು ಅವರ ಸ್ವಾತಂತ್ರ್ಯವನ್ನು ಕಸಿದಂತೆ ಎಂಬುದು ರಮಾಬಾಯಿಯವರ ನಿಲುವು. 1893ರಲ್ಲಿ ರಾನಡೆ, ಭಾಂಡಾರಕರರಂಥ ಹಿರಿಯರು ಸಲಹಾ ಮಂಡಲಿಯಿಂದ ಹೊರಬಂದರು. ಅನೇಕ ಪೋಷಕರು ಮಕ್ಕಳನ್ನು ಬಿಡಿಸಿಕೊಂಡು ಹೋದರು. ಎರಡು ಪಕ್ಷಗಳಲ್ಲೂ ಪ್ರಾಮಾಣಿಕತೆಯಿತ್ತು, ಎರಡಕ್ಕೂ ನೋವಾಯಿತು.

ಮುಕ್ತಿಯ ಅಂಗಳ

1896ರಲ್ಲಿ ಮಧ್ಯಪ್ರಾಂತದಲ್ಲಿ ಕ್ಷಾಮ ತಲೆದೋರಿದಾಗ, ತಮ್ಮ ಯೌವನದ ಹಸಿವು ಅವರ ಕಣ್ಣಮುಂದೆ ಬಂದು ನಿಂತಿತು. ಸ್ವತಃ ಅಲ್ಲಿಗೆ ಹೋಗಿ ನೂರಾರು ಅನಾಥ ಹೆಣ್ಣುಮಕ್ಕಳನ್ನು ಕರೆತಂದರು. ಪುಣೆ ಸಮೀಪದ ಕೇಡಗಾಂವ್‌ನ ಹೊಲದಲ್ಲಿ ಎದ್ದ ನೆಲೆಗೆ ಮುಕ್ತಿ ಎಂದು ಹೆಸರಾಯಿತು. 1900ರ ವೇಳೆಗೆ ಅಲ್ಲಿ ಎರಡು ಸಾವಿರಕ್ಕೆ ಸಮೀಪದಷ್ಟು ಹೆಂಗಸರು, ಮಕ್ಕಳು ಆಶ್ರಯ ಪಡೆದಿದ್ದರು. ಓದುಬರಹದ ಜೊತೆಗೆ ನೇಯ್ಗೆ, ತೋಟಗಾರಿಕೆ, ಅಚ್ಚುಮೊಳೆ ಜೋಡಿಸುವ ಕೆಲಸವನ್ನು ಕಲಿತರು. ಕುರುಡರು ಬ್ರೈಲ್ ಲಿಪಿ ಕಲಿತರು. 1912ರಲ್ಲಿ ಕನ್ನಡ ನಾಡಿನ ಗುಲ್ಬರ್ಗದಲ್ಲಿಯೂ ಒಂದು ಶಾಲೆ ಆರಂಭವಾಗಿ, ಮಗಳು ಮನೋರಮಾ ಅದರ ಹೊಣೆ ಹೊತ್ತರು.

1905ರ ಆರಂಭದಲ್ಲಿ ರಮಾಬಾಯಿ ಪ್ರಾರ್ಥನೆಗೆಂದು ಜೊತೆ ಸೇರಲು ಮುಕ್ತಿಯವರನ್ನು ಕರೆದಾಗ ಬಂದವರು ಸುಮಾರು ಎಪ್ಪತ್ತು ಮಂದಿ. ಕೆಲವೇ ತಿಂಗಳಲ್ಲಿ ಐನೂರೈವತ್ತು ಮಂದಿ ದಿನಕ್ಕೆರಡು ಸಲ ಕೂಡತೊಡಗಿದರು. ಅವರು ಬೇಡಿದ್ದು ಕಟ್ಟಡವನ್ನಲ್ಲ, ಧನವನ್ನಲ್ಲ. ದೇವರ ಆತ್ಮವು ತಮ್ಮನ್ನು ಒಳಗಿನಿಂದ ಬೆಳಗಬೇಕೆಂದು. ಆ ವರ್ಷದ ಜೂನ್‌ನಲ್ಲಿ ಅಲ್ಲಿ ಆದ ಆತ್ಮಿಕ ಜಾಗೃತಿ ಜಗತ್ತಿನ ಕ್ರೈಸ್ತರ ಗಮನ ಸೆಳೆಯಿತು.

ಅವರ ಕೊನೆಯ ಪ್ರಾರ್ಥನೆ ಅಕ್ಷರರೂಪದಲ್ಲಿತ್ತು. ಅಂದಿನ ಮರಾಠಿ ಬೈಬಲಿನ ಭಾಷೆ ಹಳ್ಳಿಯ ಹೆಂಗಸರಿಗೆ ಕಠಿಣವೆಂದು ಕಂಡು, ಹೀಬ್ರೂ, ಗ್ರೀಕ್ ಭಾಷೆಗಳನ್ನು ಕಲಿತು, ಮೂಲದಿಂದಲೇ ಸರಳ ಮರಾಠಿಗೆ ಅನುವಾದಿಸಲು ವರ್ಷಗಳ ಕಾಲ ದುಡಿದರು. 1921ರಲ್ಲಿ ಮನೋರಮಾ ತೀರಿಕೊಂಡ ದುಃಖದ ನಡುವೆಯೂ ಕೆಲಸ ನಿಲ್ಲಲಿಲ್ಲ. ಕರಡು ತಿದ್ದುವುದು ಮುಗಿದ ಬೆನ್ನಿಗೇ, 1922ರ ಏಪ್ರಿಲ್ 5ರಂದು, ಅವರು ಇಹಲೋಕ ತ್ಯಜಿಸಿದರು. ಮುಕ್ತಿಯ ಮುದ್ರಣಾಲಯದ ಆ ಬೈಬಲ್ 1924ರಲ್ಲಿ ಪೂರ್ಣವಾಗಿ ಹೊರಬಂತು.

ಹದಿನೆಂಟು ಸಾವಿರ ಶ್ಲೋಕ ಬಲ್ಲವರು, ಶ್ಲೋಕವೊಂದನ್ನೂ ಅರಿಯದವರ ಮಾತಿನಲ್ಲಿ ಬರೆಯಲು ತಮ್ಮ ಮುಪ್ಪನ್ನು ಸವೆಸಿದರು. ಅವರು ಬೇಡಿ ಪಡೆದ ಜ್ಞಾನ ನಿಜವಾದುದೆಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷ್ಯ ಬೇಕಾಗಿಲ್ಲ. ಯಾವ ಮತದವರಾದರೂ ಸರಿ, ಮಕ್ಕಳಿಗೆ ವಿದ್ಯೆ ಬರಲಿ ಎಂದು ಹಾರೈಸುವ ತಂದೆತಾಯಿಗಳೂ ಗುರುಗಳೂ ಆ ವಿದ್ಯೆ ವಿವೇಕವಾಗಿ ಮಾಗಲಿ ಎಂದೂ ಹಾರೈಸಬೇಕೆಂಬುದನ್ನು ಗಂಗಾಮೂಲದಲ್ಲಿ ಹುಟ್ಟಿದ ಈ ಮಹಾತಾಯಿಯ ಬಾಳು ನಮಗೆ ನೆನಪಿಸುತ್ತದೆ.