ಸ್ವೀಡನ್ನಿನ ಕೋಗಿಲೆ ಜೆನ್ನಿ ಲಿಂಡ್

ಶಾಲೆಗೊಂದು ಕಟ್ಟಡ ಬೇಕಾದಾಗ, ಬಡ ವಿದ್ಯಾರ್ಥಿಗಳ ನಿಧಿಗೆ ಹಣ ಸಾಲದೆ ಬಂದಾಗ, ಸಹಾಯಾರ್ಥವಾಗಿ ಒಂದು ನಾಟಕವನ್ನೋ ಸಂಗೀತ ಕಛೇರಿಯನ್ನೋ ಏರ್ಪಡಿಸುವುದು ನಮಗೆಲ್ಲ ಪರಿಚಿತವಾದ ರೂಢಿ. ಟಿಕೆಟ್ಟು ಮಾರುವವರ ಓಡಾಟ, ಕೊಳ್ಳುವವರ ಗೊಣಗಾಟ, ಕೊನೆಗೆ ಖರ್ಚು ಕಳೆದು ಉಳಿಯುವ ಅಲ್ಪಸ್ವಲ್ಪ ಹಣ, ಇವೆಲ್ಲವನ್ನೂ ನಾವು ಕಂಡೇ ಇದ್ದೇವೆ. ಆದರೆ ಗಾಯಕಿಯೊಬ್ಬಳು ತನ್ನ ಬಾಳಿನ ಬಹುಭಾಗವನ್ನೇ ಒಂದು ಸಹಾಯಾರ್ಥ ಕಛೇರಿಯನ್ನಾಗಿ ಮಾಡಿಕೊಂಡಿದ್ದಳೆಂದರೆ ಅತಿಶಯೋಕ್ತಿಯೆನಿಸಬಹುದು. ಹತ್ತೊಂಬತ್ತನೆಯ ಶತಮಾನದಲ್ಲಿ ಯೂರೋಪ್ ಅಮೆರಿಕಗಳನ್ನು ತನ್ನ ಕಂಠದಿಂದ ಮರುಳುಮಾಡಿದ ಜೆನ್ನಿ ಲಿಂಡಳ ಚರಿತ್ರೆಯನ್ನು ಓದಿದವರಿಗೆ ಅದು ಹಾಗೆ ತೋರುವುದಿಲ್ಲ.

ಆಕೆಯನ್ನು ಜನ ಸ್ವೀಡನ್ನಿನ ನೈಟಿಂಗೇಲ್ ಎಂದು ಕರೆದರು. ನಮ್ಮ ಮಾವಿನ ತೋಪುಗಳಿಗೆ ಆ ಹಕ್ಕಿಯ ಪರಿಚಯವಿಲ್ಲ. ಆದುದರಿಂದ ನಾನು ಕೋಗಿಲೆ ಎಂದಿದ್ದೇನೆ. ಹಾಗೆನ್ನಲು ಇನ್ನೊಂದು ಕಾರಣವೂ ಉಂಟು. ಸಂಸ್ಕೃತದಲ್ಲಿ ಕೋಗಿಲೆಗೆ ಪರಭೃತವೆಂದು ಹೆಸರು. ಪರರಿಂದ ಸಾಕಲ್ಪಟ್ಟದ್ದು ಎಂದು ಅದರ ಅರ್ಥ. ಜೆನ್ನಿಯೂ ಪರರ ಗೂಡಿನಲ್ಲಿ ಬೆಳೆದವಳೇ.

1820ನೆಯ ಇಸವಿ ಅಕ್ಟೋಬರ್ 6ರಂದು ಸ್ಟಾಕ್‌ಹೋಮ್ ನಗರದಲ್ಲಿ ಆಕೆ ಹುಟ್ಟಿದಳು. ತಾಯಿ ಶಾಲೆ ನಡೆಸಿ ಜೀವಿಸುತ್ತಿದ್ದ ಕಟುಸ್ವಭಾವದ ಹೆಂಗಸು; ತಂದೆ ಲೆಕ್ಕಪತ್ರ ಬರೆಯುವ ಗುಮಾಸ್ತ. ಇಬ್ಬರಿಗೂ ಆಗ ಮದುವೆಯಾಗಿರಲಿಲ್ಲ. ಅವರು ವಿವಾಹವಾದುದು ಮಗಳಿಗೆ ಹದಿನಾಲ್ಕು ವರ್ಷ ತುಂಬಿದ ಮೇಲೆ. ಮಗುವನ್ನು ಮೊದಲು ಊರ ಹೊರಗಿನ ಚರ್ಚಿನ ಗುಮಾಸ್ತನೊಬ್ಬನ ಮನೆಯಲ್ಲಿ ಬಿಟ್ಟರು. ಆ ಬಳಿಕ ಅದು ಅಜ್ಜಿಯ ಮಡಿಲು ಸೇರಿತು. ಬೀದಿಯಲ್ಲಿ ಸಿಪಾಯಿಗಳು ಊದುತ್ತ ಹೋದ ಕಹಳೆಯ ಸ್ವರವನ್ನು ಆ ಪುಟ್ಟ ಹುಡುಗಿ ಯಾರೂ ಇಲ್ಲದಾಗ ಪಿಯಾನೋದ ಮೇಲೆ ತಡಕಿ ನುಡಿಸಿದಳಂತೆ. ಅಜ್ಜಿ ಬಂದ ಸದ್ದಿಗೆ ಹೆದರಿ ಪಿಯಾನೋದ ಅಡಿಯಲ್ಲಿ ಅಡಗಿಕೊಂಡಳಂತೆ. ಅಜ್ಜಿ ಗದರಲಿಲ್ಲ. ಈ ಮಗುವಿನಿಂದ ಮನೆಗೆ ಮುಂದೆ ಆಧಾರವಾಗುವುದೆಂದು ಆಕೆಗೆ ಅಂದೇ ತೋರಿತು.

ಒಂಬತ್ತನೆಯ ವಯಸ್ಸಿನಲ್ಲಿ ಜೆನ್ನಿಯ ಭಾಗ್ಯ ತೆರೆಯಿತು. ಆಗ ಆಕೆಗೆ ಒಂದು ಬೆಕ್ಕೇ ಒಡನಾಡಿ. ಅದರ ಕೊರಳಿಗೆ ನೀಲಿಯ ಪಟ್ಟಿ ಕಟ್ಟಿ, ಬೀದಿಯ ಕಡೆಯ ಕಿಟಕಿಯಲ್ಲಿ ಕುಳಿತು ಅದಕ್ಕೆ ಹಾಡಿ ತೋರಿಸುವುದೇ ಅವಳ ಆಟ. ಆ ದಾರಿಯಾಗಿ ಹೋಗುತ್ತಿದ್ದ ಒಬ್ಬ ದಾಸಿ ಅದನ್ನು ಕೇಳಿ, ರಾಜರಂಗಮಂದಿರದಲ್ಲಿ ನರ್ತಕಿಯಾಗಿದ್ದ ತನ್ನ ಒಡತಿಗೆ ತಿಳಿಸಿದಳು. ಒಡತಿ ಹುಡುಗಿಯನ್ನು ಕರೆಸಿ ಕೇಳಿ ಬೆರಗಾಗಿ ಸಂಗೀತದ ಅಧ್ಯಾಪಕರ ಬಳಿಗೆ ಕಳುಹಿಸಿದಳು. ಅವರು ರಂಗಮಂದಿರದ ಅಧಿಕಾರಿಯ ಬಳಿಗೆ ಕರೆದೊಯ್ದರು. ಇಷ್ಟು ಚಿಕ್ಕ ಹುಡುಗಿಯನ್ನು ಏನು ಮಾಡುವುದೆಂದು ಅಧಿಕಾರಿ ಮೊದಲು ಕೇಳುವುದಕ್ಕೇ ಒಪ್ಪಲಿಲ್ಲ. ಕೇಳಿದ ಮೇಲೆ ಬಿಡಲೂ ಒಪ್ಪಲಿಲ್ಲ. ಹೀಗೆ 1830ರಲ್ಲಿ ಜೆನ್ನಿ ರಾಜರಂಗಮಂದಿರದ ಶಾಲೆಗೆ ಸೇರಿದಳು. ಊಟ, ಬಟ್ಟೆ, ವಸತಿ, ಪಾಠ, ಎಲ್ಲಕ್ಕೂ ರಂಗಮಂದಿರದ್ದೇ ವೆಚ್ಚ. ತಂದೆತಾಯಿಗಳು ಕೊಡಲಾರದುದನ್ನು ಸಾರ್ವಜನಿಕರ ಹಣ ಕೊಟ್ಟಿತು. ವಿದ್ಯಾರ್ಥಿವೇತನದ ನೆರವಿನಿಂದ ಕಾಲೇಜಿನ ಮೆಟ್ಟಿಲು ಹತ್ತಿದ ನಮ್ಮಲ್ಲಿ ಹಲವರಿಗೆ ಈ ಸ್ಥಿತಿ ಹೊಸದಲ್ಲ. ಜೆನ್ನಿ ಇದನ್ನು ಕೊನೆಯವರೆಗೂ ಮರೆಯಲಿಲ್ಲ. ಅವಳ ಜೀವನದ ಮುಂದಿನ ನಡೆಗಳಿಗೆಲ್ಲ ಇದೇ ಬೀಜವೆಂದು ನನಗೆ ತೋರುತ್ತದೆ.

1838ರ ಮಾರ್ಚ್ 7ರಂದು, ಇನ್ನೂ ಹದಿನೇಳರ ತರುಣಿ, ವೇಬರನ ಗೀತನಾಟಕವೊಂದರಲ್ಲಿ ನಾಯಿಕೆಯಾಗಿ ರಂಗವೇರಿದಳು. ಒಂದೇ ಸಂಜೆಯಲ್ಲಿ ಊರಿನ ಕಣ್ಮಣಿಯಾದಳು. ಆದರೆ ಎಡೆಬಿಡದ ದುಡಿಮೆಯಿಂದ ಮೂರು ವರ್ಷಗಳಲ್ಲಿ ಅವಳ ಕಂಠ ಸೋತುಹೋಯಿತು. 1841ರಲ್ಲಿ ಪ್ಯಾರಿಸಿಗೆ ಹೋಗಿ ಮ್ಯಾನುಯೆಲ್ ಗಾರ್ಸಿಯಾನ ಮುಂದೆ ನಿಂತಳು. ಗಂಟಲೊಳಗೆ ಕನ್ನಡಿಯಿಟ್ಟು ಧ್ವನಿ ಹುಟ್ಟುವ ಬಗೆಯನ್ನು ಮುಂದೆ ಕಣ್ಣಾರೆ ಕಂಡ ಮಹಾಗುರು ಈತನೇ. ಹಾಡುತ್ತ ಹಾಡುತ್ತ ಅವಳ ದನಿ ನಡುವೆಯೇ ಒಡೆಯಿತು. ನಿನ್ನಲ್ಲಿ ಇನ್ನು ಕಂಠವೇ ಉಳಿದಿಲ್ಲವೆಂದು ಗುರು ನಿಷ್ಠುರವಾಗಿ ತಿಳಿಸಿ, ಆರು ವಾರ ಹಾಡಕೂಡದು, ಮಾತನ್ನೂ ಆದಷ್ಟು ಕಡಿಮೆ ಆಡಬೇಕೆಂದು ವಿಧಿಸಿದನು. ಪರದೇಶ, ಪರಭಾಷೆ, ಜೊತೆಗೆ ಮೌನವ್ರತ! ಆ ಆರು ವಾರಗಳನ್ನು ಆಕೆ ಕಣ್ಣೀರಿನಲ್ಲಿ ಕಳೆದಳು. ಅನಂತರ ಸುಮಾರು ಹತ್ತು ತಿಂಗಳು ಸ್ವರಸ್ಥಾನದಿಂದ ಮೊದಲುಮಾಡಿ ಎಲ್ಲವನ್ನೂ ಹೊಸದಾಗಿ ಕಲಿತಳು. 1842ರಲ್ಲಿ ಸ್ವದೇಶಕ್ಕೆ ಮರಳಿದವಳು ಬೇರೆಯೇ ಗಾಯಕಿ.

ಮುಂದೆ ಡೆನ್ಮಾರ್ಕ್, ಜರ್ಮನಿ, ಆಸ್ಟ್ರಿಯಾ ದೇಶಗಳಲ್ಲಿ ಅವಳ ದಿಗ್ವಿಜಯ. ಅದನ್ನು ವಿಸ್ತರಿಸುವ ಗೋಜಿಗೆ ನಾನು ಹೋಗುವುದಿಲ್ಲ; ಹೂಮಳೆ, ಜಯಕಾರ, ಗಾಡಿಯ ಸುತ್ತ ನೂಕುನುಗ್ಗಲು ಎಲ್ಲ ಊರಿನಲ್ಲೂ ಒಂದೇ. ಆದರೆ ಕೋಪನ್‌ಹೇಗನ್ ನಗರದ ಒಂದು ಸಂಗತಿಯನ್ನು ಹೇಳಲೇಬೇಕು. ಮಕ್ಕಳ ಕಥೆಗಳ ಲೇಖಕ ಆಂಡರ್‌ಸನ್ ಅವಳ ಸ್ನೇಹಿತ. ಸ್ನೇಹಕ್ಕಿಂತ ಹೆಚ್ಚಿನದನ್ನು ಬಯಸಿ ನಿರಾಶನಾದವನು. ಅವನೇ ತನ್ನ ಆತ್ಮಕಥೆಯಲ್ಲಿ ಇದನ್ನು ಬರೆದಿಟ್ಟಿದ್ದಾನೆ. ತಂದೆತಾಯಿಗಳೇ ಹೊಡೆದು ಬಡಿದು ಭಿಕ್ಷೆಗೂ ಕಳ್ಳತನಕ್ಕೂ ಅಟ್ಟುತ್ತಿದ್ದ ಮಕ್ಕಳನ್ನು ಬಿಡಿಸಿ ಸಾಕುವ ಸಂಘವೊಂದು ಆ ನಗರದಲ್ಲಿದ್ದಿತು; ಅದರ ಕೈಯಲ್ಲಿ ಹಣವಿರಲಿಲ್ಲ. ಇದು ಜೆನ್ನಿಯ ಕಿವಿಗೆ ಬಿದ್ದಿತು. ತನಗೆ ಬಿಡುವಾಗಿ ಉಳಿದಿದ್ದ ಒಂದೇ ಒಂದು ಸಂಜೆಯನ್ನು ಆ ಮಕ್ಕಳಿಗಾಗಿ ಕೊಟ್ಟಳು. ಟಿಕೆಟ್ಟಿನ ದರ ಎರಡರಷ್ಟಿರಬೇಕೆಂದು ತಾನೇ ಹೇಳಿದಳು. ಬಂದ ಹಣದಿಂದ ಹಲವು ಮಕ್ಕಳು ವರ್ಷಗಟ್ಟಲೆ ನೆಮ್ಮದಿಯಾಗಿರಬಹುದೆಂದು ತಿಳಿದಾಗ ಅವಳ ಕಣ್ಣು ತುಂಬಿತು. ತನಗೆ ಹೀಗೆ ಹಾಡಲು ಬರುವುದು ಎಷ್ಟು ಚೆಲುವಾದ ಸಂಗತಿಯೆಂದು ಆಗ ಆಕೆ ಉದ್ಗರಿಸಿದಳಂತೆ. ತನ್ನ ವಿದ್ಯೆಯ ಬಗೆಗೆ ಅವಳು ಹಿಗ್ಗಿದ್ದನ್ನು ತಾನು ಕೇಳಿದುದು ಅದೊಂದೇ ಬಾರಿ ಎನ್ನುತ್ತಾನೆ ಆಂಡರ್‌ಸನ್. ತಾನೂ ಒಮ್ಮೆ ಯಾರಿಗೂ ಬೇಡದ ಮಗುವಾಗಿದ್ದವಳಲ್ಲವೆ?

1847ರ ಮೇ 4ರಂದು ಲಂಡನ್ನಿನಲ್ಲಿ ಮೊದಲ ಬಾರಿ ಹಾಡಿದಾಗ ವಿಕ್ಟೋರಿಯಾ ರಾಣಿಯೇ ಕೇಳಲು ಬಂದಿದ್ದಳು. ಆ ವರ್ಷದ ಕೊನೆಗೆ ಕೀರ್ತಿಯನ್ನು ಹೊತ್ತು ಸ್ಟಾಕ್‌ಹೋಮಿಗೆ ಮರಳಿದ ಜೆನ್ನಿ ತನ್ನನ್ನು ಸಾಕಿದ ರಂಗಮಂದಿರದಲ್ಲಿಯೇ ಸಾಲಾಗಿ ಪ್ರದರ್ಶನಗಳನ್ನು ಕೊಟ್ಟಳು. ತನ್ನಂತೆಯೇ ಬಡತನದಿಂದ ಬರುವ ರಂಗಶಾಲೆಯ ಮಕ್ಕಳ ಶಿಕ್ಷಣಕ್ಕೆಂದು ಅವುಗಳ ಆದಾಯವನ್ನು ಮೀಸಲಿಟ್ಟಳು. ಸಾಲ ಕೊಟ್ಟ ಮನೆಗೇ ಬಂದು ಬಡ್ಡಿಸಮೇತ ತೀರಿಸಿದಂತಾಯಿತು.

ಅಷ್ಟರಲ್ಲಿ ಒಂದು ದೊಡ್ಡ ದುಃಖ ಬಂದೊದಗಿತು. ಸಂಗೀತ ರಚನಕಾರ ಮೆಂಡೆಲ್‌ಸನ್ ಅವಳ ಪರಮಮಿತ್ರ. ತನ್ನ ಎಲೈಜಾ ಎಂಬ ಕೃತಿಯಲ್ಲಿ ಸ್ತ್ರೀಕಂಠದ ಭಾಗವನ್ನು ಅವಳ ದನಿಯನ್ನೇ ಮನಸ್ಸಿನಲ್ಲಿಟ್ಟುಕೊಂಡು ರಚಿಸಿದ್ದನು. 1847ರ ನವೆಂಬರ್ 4ರಂದು, ಮೂವತ್ತೆಂಟನೆಯ ವಯಸ್ಸಿಗೇ ಆತ ತೀರಿಕೊಂಡನು. ಒಂದು ವರ್ಷ ಆ ಕೃತಿಯನ್ನು ಮುಟ್ಟುವುದಕ್ಕೂ ಅವಳಿಂದಾಗಲಿಲ್ಲ. 1848ರ ಡಿಸೆಂಬರಿನಲ್ಲಿ ಲಂಡನ್ನಿನ ಎಕ್ಸೆಟರ್ ಹಾಲಿನಲ್ಲಿ ಕೊನೆಗೂ ಹಾಡಿದಳು. ಮಿತ್ರನ ನೆನಪಿಗಾಗಿ 1,000 ಪೌಂಡು ಕೂಡಿತು. ಕಲ್ಲಿನ ಪ್ರತಿಮೆಯಾಗಲಿಲ್ಲ ಆ ಹಣ. ಎಳೆಯ ಸಂಗೀತ ವಿದ್ಯಾರ್ಥಿಗಳಿಗೆ ವೇತನವಾಯಿತು. 1856ರಲ್ಲಿ ಮೊತ್ತಮೊದಲು ಅದನ್ನು ಪಡೆದವನು ಹದಿನಾಲ್ಕು ವರ್ಷದ ಬಾಲಕ ಆರ್ಥರ್ ಸಲಿವನ್. ಗಿಲ್ಬರ್ಟನ ಜೊತೆಗೂಡಿ ಇಂಗ್ಲೆಂಡನ್ನೆಲ್ಲ ನಗಿಸಿದ ಗೀತನಾಟಕಗಳ ಸಲಿವನ್ ಇವನೇ.

ಕೀರ್ತಿಯ ಶಿಖರದಲ್ಲಿ, ಇಪ್ಪತ್ತೆಂಟನೆಯ ವಯಸ್ಸಿನಲ್ಲಿ, 1849ರ ಮೇ 10ರಂದು ಆಕೆ ಗೀತನಾಟಕದ ರಂಗವನ್ನು ಶಾಶ್ವತವಾಗಿ ಬಿಟ್ಟಳು. ಅಲ್ಲಿಂದ ಮುಂದೆ ಬರಿಯ ಕಛೇರಿ. ಇಂಗ್ಲೆಂಡಿನಲ್ಲಿ ಅದಕ್ಕೂ ಮೊದಲೇ ಆಸ್ಪತ್ರೆಗಳಿಗಾಗಿ ಹಾಡತೊಡಗಿದ್ದಳು. 1848ರಲ್ಲಿ ಕ್ಷಯರೋಗಿಗಳ ಬ್ರಾಂಪ್ಟನ್ ಆಸ್ಪತ್ರೆಗಾಗಿ ಹಾಡಿದ ಒಂದೇ ಕಛೇರಿಯಿಂದ 1,600 ಪೌಂಡುಗಳಿಗೂ ಹೆಚ್ಚು ಬಂದಿತು. 1849ರ ಜನವರಿಯಲ್ಲಿ ನಾರಿಚ್ ಪಟ್ಟಣದಲ್ಲಿ ಹಾಡಿದ ಎರಡು ಕಛೇರಿಗಳಿಂದ 1,253 ಪೌಂಡು. ಈ ಹಣವನ್ನು ಯಾವುದಕ್ಕೆ ಬಳಸಬೇಕೆಂದು ಊರಿನವರು ಬಹುಕಾಲ ಚರ್ಚಿಸಿದರು (ಚರ್ಚೆ ನಮ್ಮ ದೇಶದ ಸೊತ್ತು ಮಾತ್ರವಲ್ಲ). ಕೊನೆಗೆ 1854ರಲ್ಲಿ ರೋಗಿ ಮಕ್ಕಳಿಗಾಗಿಯೇ ಒಂದು ಆಸ್ಪತ್ರೆ ತೆರೆಯಿತು. ಮಕ್ಕಳಿಗೆಂದೇ ಬೇರೆ ಆಸ್ಪತ್ರೆ ಬೇಕೆಂಬ ಭಾವನೆ ಆಗ ಇಂಗ್ಲೆಂಡಿಗೇ ಹೊಸದು. ಲಂಡನ್ನಿನಲ್ಲಿ ಅಂತಹುದು ಹುಟ್ಟಿ ಎರಡೇ ವರ್ಷವಾಗಿದ್ದಿತು.

ಇನ್ನು ಅಮೆರಿಕದ ಅಧ್ಯಾಯ. ವಿಚಿತ್ರವಸ್ತು ಪ್ರದರ್ಶನಗಳಿಂದಲೂ ಕುಳ್ಳರ ಕುಣಿತದಿಂದಲೂ ಹಣ ಮಾಡಿದ್ದ ಪಿ. ಟಿ. ಬಾರ್ನಮ್ ಎಂಬವನು, ಅವಳ ಹಾಡನ್ನು ಒಮ್ಮೆಯೂ ಕೇಳದೆಯೇ, 150 ಕಛೇರಿಗಳಿಗೆ ತಲಾ 1,000 ಡಾಲರಿನಂತೆ ಗೊತ್ತುಮಾಡಿಕೊಂಡನು. ಸ್ವೀಡನ್ನಿನ ಬಡಮಕ್ಕಳಿಗೆ ಉಚಿತ ಶಾಲೆಗಳನ್ನು ಸ್ಥಾಪಿಸಬೇಕೆಂಬ ಆಸೆಯಿಂದ ಆಕೆ ಒಪ್ಪಿದಳು. ತನಗೆ ಬೇಕೆನಿಸಿದಾಗ ಧರ್ಮಾರ್ಥವಾಗಿ ಹಾಡುವ ಸ್ವಾತಂತ್ರ್ಯವನ್ನೂ ಕರಾರಿನಲ್ಲಿ ಬರೆಸಿಕೊಂಡಳು. 1850ರ ಸೆಪ್ಟೆಂಬರ್ 1ರಂದು ಹಡಗು ನ್ಯೂಯಾರ್ಕ್ ಮುಟ್ಟಿದಾಗ ಬಂದರಿನಲ್ಲಿ ಜನಸಾಗರವೇ ನೆರೆದಿದ್ದಿತು. ಟಿಕೆಟ್ಟುಗಳನ್ನು ಹರಾಜು ಹಾಕಿದರು. ಮೊದಲನೆಯದನ್ನು ಒಬ್ಬ ಟೋಪಿ ವ್ಯಾಪಾರಿ 225 ಡಾಲರಿಗೆ ಕೊಂಡು ತನ್ನ ಟೋಪಿಗಳಿಗೆ ಒಳ್ಳೆಯ ಪ್ರಚಾರ ಗಳಿಸಿದನು. ಸೆಪ್ಟೆಂಬರ್ 11ರ ಮೊದಲ ಕಛೇರಿ ಮುಗಿದೊಡನೆ ಬಾರ್ನಮ್ ಸಭೆಯ ಮುಂದೆ ನಿಂತು, ಜೆನ್ನಿ ತನ್ನ ಪಾಲಿನ ಸುಮಾರು 10,000 ಡಾಲರನ್ನು ನಗರದ ಧರ್ಮಸಂಸ್ಥೆಗಳಿಗೆ ಕೊಟ್ಟಿರುವಳೆಂದು ಸಾರಿದನು. ಬೆಂಕಿ ಆರಿಸುವವರ ವಿಧವೆಯರು ಮತ್ತು ಅನಾಥರ ನಿಧಿಗೆ 3,000 ಡಾಲರು. ಉಳಿದುದು ಸಂಗೀತಗಾರರ ನಿಧಿ, ಅನಾಥಾಲಯಗಳು, ನೀಗ್ರೋ ಅನಾಥ ಮಕ್ಕಳ ಆಶ್ರಮ ಮೊದಲಾದವುಗಳಿಗೆ.

ಇಲ್ಲಿ ಒಂದು ಸಂದೇಹ ಏಳುತ್ತದೆ. ದಾನದ ಘೋಷಣೆಯಿಂದ ಮುಂದಿನ ಟಿಕೆಟ್ಟುಗಳು ಇನ್ನೂ ಚುರುಕಾಗಿ ಮಾರಾಟವಾಗುವುವೆಂಬುದನ್ನು ಬಾರ್ನಮ್ ಚೆನ್ನಾಗಿ ಬಲ್ಲ. ಅವಳ ಔದಾರ್ಯವನ್ನೇ ಅವನು ಡಂಗುರಕ್ಕೆ ಕಟ್ಟಿದ. ದುಬಾರಿ ಟಿಕೆಟ್ಟಿನ ಆ ಕಛೇರಿಗಳನ್ನು ಯಾವ ಅನಾಥ ಮಗುವೂ ಕೇಳಿರಲಾರದು. ಇದು ಅವಳಿಗೆ ತಿಳಿಯದಿರಲಿಲ್ಲ. ಹರಾಜಿನ ಆರ್ಭಟವೂ ಜಾಹಿರಾತಿನ ಗದ್ದಲವೂ ಅವಳಿಗೆ ಹೇಸಿಗೆಯಾದುವು. 93 ಕಛೇರಿಗಳಾದ ಮೇಲೆ, 1851ರಲ್ಲಿ, ತಪ್ಪುದಂಡ ತೆತ್ತು ಅವನಿಂದ ಬಿಡಿಸಿಕೊಂಡು ಒಂದು ವರ್ಷ ತಾನೇ ಕಛೇರಿಗಳನ್ನು ನಡೆಸಿದಳು. ಬಾರ್ನಮ್ ಪ್ರಕಟಿಸಿದ ಲೆಕ್ಕದಂತೆ ಅವನ ಕೈಕೆಳಗಿನ ಪ್ರವಾಸದಲ್ಲಿ ಅವಳಿಗೆ ಸಂದುದು 1,76,675 ಡಾಲರು. ಅದರ ಬಹುಭಾಗ ಧರ್ಮಕಾರ್ಯಗಳಿಗೆ, ಮುಖ್ಯವಾಗಿ ಸ್ವೀಡನ್ನಿನ ಶಾಲೆಗಳಿಗೆ, ಹೋಯಿತು.

ಆಕೆ ದೋಷರಹಿತಳೆಂದು ನಾನು ಹೇಳಲಾರೆ. ಲಂಡನ್ನಿನ ಡ್ರೂರಿ ಲೇನ್ ರಂಗಮಂದಿರದ ವ್ಯವಸ್ಥಾಪಕನಿಗೆ ಬರೆದುಕೊಟ್ಟಿದ್ದ ಕರಾರನ್ನು ಮುರಿದು, ನ್ಯಾಯಾಲಯದ ತೀರ್ಪಿನಂತೆ 2,500 ಪೌಂಡು ನಷ್ಟ ತುಂಬಬೇಕಾಯಿತು. ಕೋಪ, ಹಟ, ಕ್ಷಣಕ್ಷಣಕ್ಕೂ ಬದಲಾಗುವ ಮನಸ್ಸು ಅವಳಲ್ಲಿದ್ದುವೆಂದು ಹತ್ತಿರದವರು ಹೇಳಿದ್ದಾರೆ. ಎಲ್ಲ ಕೊಡುಗೈಯವರೂ ಮೃದುಮಾತಿನವರಾಗಿರಬೇಕೆಂದು ಎಲ್ಲಿದೆ?

1852ರ ಫೆಬ್ರವರಿಯಲ್ಲಿ ಬಾಸ್ಟನ್ನಿನಲ್ಲಿ, ತನ್ನ ಕಛೇರಿಗಳಿಗೆ ಪಿಯಾನೋ ನುಡಿಸುತ್ತಿದ್ದ ಆಟೋ ಗೋಲ್ಡ್‌ಸ್ಮಿತ್ ಎಂಬವನನ್ನು ಮದುವೆಯಾದಳು. ಮೂವರು ಮಕ್ಕಳು ಹುಟ್ಟಿದರು. ಕೊನೆಗೆ ಇಂಗ್ಲೆಂಡೇ ಮನೆಯಾಯಿತು. 1856ರಲ್ಲಿ ಫ್ಲಾರೆನ್ಸ್ ನೈಟಿಂಗೇಲಳ ಹೆಸರಿನ ನಿಧಿಗಾಗಿ ಹಾಡಿದಳು. ಖರ್ಚನ್ನೆಲ್ಲ ದಂಪತಿಗಳೇ ಹೊತ್ತು, ಎರಡು ಸಾವಿರ ಪೌಂಡುಗಳಿಗೆ ಸ್ವಲ್ಪ ಕಡಿಮೆಯಾದ ಮೊತ್ತವನ್ನು ಒಪ್ಪಿಸಿದರು. ದಾದಿಯರಿಗೆ ತರಬೇತಿ ಕೊಡುವ ಶಾಲೆ ಆ ನಿಧಿಯಿಂದ ಹುಟ್ಟಿತು. ಒಂದು ನೈಟಿಂಗೇಲ್ ಇನ್ನೊಂದು ನೈಟಿಂಗೇಲಿಗಾಗಿ ಹಾಡಿತೆಂದು ಲಂಡನ್ನಿನವರು ಚಾಟು ಹೇಳದೆ ಬಿಟ್ಟಿರಲಾರರು.

ವಯಸ್ಸಾದಂತೆ ಕಛೇರಿಗಳು ವಿರಳವಾದುವು. 1876ರಲ್ಲಿ ಪತಿಯ ನಾಯಕತ್ವದಲ್ಲಿ ಬಾಖ್ ಮಹಾಕವಿಯ (ಸಂಗೀತದಲ್ಲಿ ಆತ ಕವಿಯೇ) ದೊಡ್ಡ ಕೃತಿಯೊಂದು ಇಂಗ್ಲೆಂಡಿನಲ್ಲಿ ಪ್ರಥಮ ಬಾರಿಗೆ ಪೂರ್ಣವಾಗಿ ಹಾಡಲ್ಪಟ್ಟಾಗ, ಮೇಳದ ಹೆಂಗಸರಿಗೆ ಪಾಠ ಹೇಳಿದವಳು ಜೆನ್ನಿ. 1883ರಲ್ಲಿ ಲಂಡನ್ನಿನಲ್ಲಿ ರಾಯಲ್ ಕಾಲೇಜ್ ಆಫ್ ಮ್ಯೂಸಿಕ್ ತೆರೆದಾಗ ಗಾಯನದ ಮೊದಲ ಪ್ರಾಧ್ಯಾಪಕಿಯಾಗಿ ಮೂರು ವರ್ಷ ಕಲಿಸಿದಳು. ಬಹಳ ಶಿಸ್ತಿನ ಅಧ್ಯಾಪಕಿ. ಆರು ವಾರದ ಮೌನವನ್ನು ಉಂಡವಳು ಶಿಷ್ಯರ ಸೋಮಾರಿತನವನ್ನು ಹೇಗೆ ಸಹಿಸಿಯಾಳು? ಅದೇ 1883ರ ಬೇಸಗೆಯಲ್ಲಿ ಮಾಲ್ವರ್ನ್ ಊರಿನಲ್ಲಿ ರೈಲ್ವೆ ಕೆಲಸಗಾರರ ಸಹಾಯನಿಧಿಗಾಗಿ ಹಾಡಿದಳು. ಆಗ ಅವಳಿಗೆ ಅರುವತ್ತೆರಡು ವರ್ಷ. ಸಾರ್ವಜನಿಕವಾಗಿ ಹಾಡಿದುದು ಅದೇ ಕೊನೆ.

1887ರ ನವೆಂಬರ್ 2ರಂದು ಮಾಲ್ವರ್ನ್ ಗುಡ್ಡಗಳ ನಡುವಿನ ತನ್ನ ಮನೆಯಲ್ಲಿ ಜೆನ್ನಿ ಲಿಂಡ್ ತೀರಿಕೊಂಡಳು. ಆಸ್ತಿಯ ಗಣ್ಯವಾದ ಭಾಗವನ್ನು ಸ್ವೀಡನ್ನಿನ ಬಡ ವಿದ್ಯಾರ್ಥಿಗಳ ವ್ಯಾಸಂಗಕ್ಕೆ ಬರೆದಿಟ್ಟಿದ್ದಳು. ಅವಳ ಕಂಠ ಹೇಗಿತ್ತೆಂಬುದನ್ನು ಇಂದು ಯಾರೂ ಹೇಳಲಾರರು. ಒಂದು ಧ್ವನಿಮುದ್ರಣವೂ ಉಳಿದಿಲ್ಲ. ನಾರಿಚ್‌ನ ಮಕ್ಕಳ ಆಸ್ಪತ್ರೆ ಹಳೆಯ ಕಟ್ಟಡವನ್ನು ಬಿಟ್ಟು ಈಗ ಊರಿನ ದೊಡ್ಡ ಆಸ್ಪತ್ರೆಯೊಳಗೆ ಸೇರಿಕೊಂಡಿದೆ. ಅದರ ಬಾಗಿಲ ಮೇಲಿನ ಹೆಸರು ಇಂದಿಗೂ ಜೆನ್ನಿ ಲಿಂಡಳದೇ.