ಹಿಮದ ಮೇಲೆ ದಾರಿ ತೆರೆದ ಮೆಕ್ಯಾನಿಕ್: ಜೋಸೆಫ್ ಅರ್ಮಾಂಡ್ ಬೊಂಬಾರ್ಡಿಯರ್

ತುಮಕೂರು: ಹಿಮವನ್ನೇ ಕಾಣದ ಕಲ್ಪತರು ನಾಡಿನ ಓದುಗರಿಗೆ ಹಿಮವಾಹನ ನಿರ್ಮಿಸಿದ ವ್ಯಕ್ತಿಯ ಬದುಕು ಏಕೆ ಎಂಬ ಪ್ರಶ್ನೆ ಏಳುವುದು ಸಹಜ. ಆದರೆ ಇಲ್ಲಿನ ಬಿ.ಎಚ್. ರಸ್ತೆಯಲ್ಲಿ ದಿನನಿತ್ಯ ಓಡಾಡುವ ಗೇರ್ ರಹಿತ ಸ್ಕೂಟರ್‌ಗಳ ಎಡಬದಿಯ ಮುಚ್ಚಳ ಬಿಚ್ಚಿದರೆ ಕಾಣುವ ಬೆಲ್ಟ್ ಮತ್ತು ಪುಲ್ಲಿಗಳಿಗೂ, ಕೆನಡಾದ ಹಿಮದಲ್ಲಿ ಓಡುವ ಹಳೆಯ ಸ್ಕಿ-ಡೂ ಯಂತ್ರದ ಕ್ಲಚ್‌ಗೂ ಹತ್ತಿರದ ನೆಂಟಸ್ತಿಕೆ ಇದೆ. ಆ ಸ್ಕಿ-ಡೂ ಯಂತ್ರದ ಜನಕನೇ ಜೋಸೆಫ್ ಅರ್ಮಾಂಡ್ ಬೊಂಬಾರ್ಡಿಯರ್.

ಅವರು ಜನಿಸಿದ್ದು 1907ರ ಏಪ್ರಿಲ್ 16ರಂದು, ಕೆನಡಾದ ಕ್ವಿಬೆಕ್ ಪ್ರಾಂತ್ಯದ ವಾಲ್ಕೋರ್ ಎಂಬ ಹಳ್ಳಿಯಲ್ಲಿ. ಎಂಟು ಮಕ್ಕಳ ಪೈಕಿ ಹಿರಿಯರು. ಆಟಿಕೆಗಳಿಗೆ ಗಡಿಯಾರದ ಚಕ್ರಗಳನ್ನು ಜೋಡಿಸಿ ಓಡಿಸುವ ಹುಚ್ಚು ಬಾಲ್ಯದಲ್ಲಿಯೇ ಅಂಟಿಕೊಂಡಿತ್ತು. 1922ರಲ್ಲಿ, ಹದಿನೈದನೆಯ ವಯಸ್ಸಿನಲ್ಲಿ, ಹಳೆಯ ಫೋರ್ಡ್ ಕಾರಿನ ಎಂಜಿನ್ನನ್ನು ಜಾರುಬಂಡಿಯ ಮೇಲೆ ಕೂರಿಸಿ, ಹಿಂಬದಿಗೆ ಮರದ ಪಂಖವೊಂದನ್ನು ಕಟ್ಟಿ, ತಮ್ಮನೊಡನೆ ಹಿಮದ ಬೀದಿಯಲ್ಲಿ ಓಡಿಸಿಯೇಬಿಟ್ಟರು. ತೆರೆದ ಪಂಖ ಗರಗರ ತಿರುಗುತ್ತಿದ್ದ ಆ ಯಂತ್ರವನ್ನು ಕಂಡು ಬೆದರಿದ ತಂದೆ ಅದನ್ನು ಕೂಡಲೇ ಬಿಚ್ಚಿಹಾಕುವಂತೆ ಆಜ್ಞಾಪಿಸಿದರು. ತಂದೆಯ ಭಯ ಅಕಾರಣವಾಗಿತ್ತು ಎನ್ನಲಾಗದು.

ಸೆಮಿನರಿಯ ಓದನ್ನು ತೊರೆದು ಯಂತ್ರಗಳ ಕೆಲಸ ಕಲಿತ ಅವರು 1926ರಲ್ಲಿ ಸ್ವಂತ ಊರಿನಲ್ಲಿಯೇ ಗ್ಯಾರೇಜ್ ತೆರೆದರು. 1929ರಲ್ಲಿ ಇವಾನ್ ಲಾಬ್ರೆಕ್ ಅವರನ್ನು ವರಿಸಿದರು. ಬೇಸಿಗೆಯಲ್ಲಿ ಕಾರು, ಪಂಪುಗಳ ದುರಸ್ತಿ. ಚಳಿಗಾಲದಲ್ಲಿ ರಸ್ತೆಗಳೆಲ್ಲ ಹಿಮದಡಿ ಹೂತುಹೋಗಿ ಗಿರಾಕಿಗಳೇ ಬಾರದಿದ್ದಾಗ, ಹಿಮವಾಹನದ ಪ್ರಯೋಗ.

1934ರ ಚಳಿಗಾಲ ಈ ಪ್ರಯೋಗದ ಅರ್ಥವನ್ನೇ ಬದಲಿಸಿತು. ಎರಡು ವರ್ಷದ ಮಗ ಇವೋನ್‌ಗೆ ಕರುಳಬಾಲದ ಉರಿಯೂತ ಉಲ್ಬಣಿಸಿ, ತುರ್ತು ಶಸ್ತ್ರಚಿಕಿತ್ಸೆ ಅನಿವಾರ್ಯವಾಯಿತು. ಆಸ್ಪತ್ರೆ ಇದ್ದದ್ದು ಸುಮಾರು 50 ಕಿ.ಮೀ. ದೂರದ ಶೆರ್‌ಬ್ರೂಕ್ ಪಟ್ಟಣದಲ್ಲಿ. ರಸ್ತೆ ಹಿಮದಿಂದ ಮುಚ್ಚಿಹೋಗಿತ್ತು. ಗ್ಯಾರೇಜಿನಲ್ಲಿದ್ದ ಯಂತ್ರ ಇನ್ನೂ ಸಿದ್ಧವಾಗಿರಲಿಲ್ಲ. ಮಗು ಉಳಿಯಲಿಲ್ಲ. ಹೊಳೆ ತುಂಬಿ ಗಾಡಿ ದಾಟದ ದಿನಗಳಲ್ಲಿ ರೋಗಿಯನ್ನು ಆಸ್ಪತ್ರೆಗೆ ಸಾಗಿಸಲಾಗದೆ ಕೈಚೆಲ್ಲಿ ಕುಳಿತ ಹಿರಿಯರ ಕಥೆಗಳನ್ನು ಕೇಳಿ ಬೆಳೆದ ನಮ್ಮ ಗ್ರಾಮಾಂತರದವರಿಗೆ ಆ ಮನೆಯ ಸಂಕಟವನ್ನು ವಿವರಿಸಬೇಕಿಲ್ಲ.

ಮರುವರ್ಷವೇ ಅವರು ಮುಖ್ಯ ತೊಡಕನ್ನು ಬಿಡಿಸಿದರು. ರಬ್ಬರ್ ಹೊದಿಸಿದ ಹಲ್ಲುಚಕ್ರ ಮತ್ತು ಅದು ಎಳೆಯುವ ರಬ್ಬರ್ ಪಟ್ಟಿಯ ಈ ವ್ಯವಸ್ಥೆಗೆ 1937ರಲ್ಲಿ ಪೇಟೆಂಟ್ ದೊರೆಯಿತು. ಏಳು ಮಂದಿ ಕೂರಬಲ್ಲ ಬಿ-7 ವಾಹನ, ನಂತರ ಹನ್ನೆರಡು ಮಂದಿಯ ಬಿ-12 ವಾಹನ ರಸ್ತೆಗಿಳಿದವು. ವೈದ್ಯರು, ಅಂಚೆಯವರು, ಶಾಲಾಮಕ್ಕಳು ಇವುಗಳಲ್ಲಿ ಸಂಚರಿಸಿದರು. 1942ರಲ್ಲಿ ಕಂಪನಿ ನೋಂದಣಿಯಾಯಿತು. ಆದರೆ 1940ರ ದಶಕದ ಕೊನೆಯಲ್ಲಿ ಪ್ರಾಂತ್ಯ ಸರ್ಕಾರ ಹಳ್ಳಿ ರಸ್ತೆಗಳ ಹಿಮವನ್ನೂ ತೆಗೆಸಲು ಮುಂದಾದಾಗ ಮಾರಾಟ ಕುಸಿಯಿತು. ಮಗನನ್ನು ಉಳಿಸಬಹುದಾಗಿದ್ದ ತೆರೆದ ರಸ್ತೆಯೇ ತಂದೆಯ ವ್ಯಾಪಾರಕ್ಕೆ ಕುತ್ತಾದದ್ದು ವಿಧಿಯ ವಿಪರ್ಯಾಸ. ಅವರು ಧೃತಿಗೆಡದೆ ಕಾಡು, ಜೌಗು ನೆಲಗಳ ಯಂತ್ರಗಳತ್ತ ಹೊರಳಿದರು.

ಹಗುರ ಎಂಜಿನ್‌ಗಳು ದೊರೆಯತೊಡಗಿದ ಮೇಲೆ, 1959ರಲ್ಲಿ, ಒಬ್ಬಿಬ್ಬರು ಕೂರುವ ಸ್ಕಿ-ಡೂ ಬಂದಿತು. ಮೊದಲ ಋತುವಿನಲ್ಲಿ ತಯಾರಾದದ್ದು 225 ಮಾತ್ರ. 1964ರ ಫೆಬ್ರವರಿ 18ರಂದು, 56ನೇ ವಯಸ್ಸಿನಲ್ಲಿ, ಅವರು ಕ್ಯಾನ್ಸರ್‌ಗೆ ಬಲಿಯಾದರು. ಕಂಪನಿ ಮುಂದೆ ರೈಲು, ವಿಮಾನಗಳವರೆಗೂ ಬೆಳೆಯಿತು. ಹಿಮವಾಹನ ವಿಭಾಗ 2003ರಲ್ಲಿ ಬೇರ್ಪಟ್ಟಿತು.

ಇನ್ನು ಕ್ಲಚ್‌ನ ವಿಚಾರ. ನಮ್ಮ ಸ್ಕೂಟರ್‌ಗಳಲ್ಲಿ ಮುಂದೆ ಪುಲ್ಲಿ, ಹಿಂದೆ ಪ್ರತ್ಯೇಕ ಕ್ಲಚ್ ಇರುತ್ತವೆ. ಸಾಮಾನ್ಯ ಹಿಮವಾಹನದಲ್ಲಿ ಎಂಜಿನ್ ಬದಿಯ ಪುಲ್ಲಿಯೇ ಕ್ಲಚ್. ಎಂಜಿನ್ ವೇಗ ಏರಿದಂತೆ ಒಳಗಿನ ತೂಕಗಳು ಹೊರಕ್ಕೆ ಚಿಮ್ಮಿ, ಸ್ಪ್ರಿಂಗಿನ ಬಲವನ್ನು ಮೀರಿ, ಪುಲ್ಲಿಯ ಎರಡು ತಟ್ಟೆಗಳನ್ನು ಹತ್ತಿರ ತಂದು ಬೆಲ್ಟನ್ನು ಹಿಡಿಯುತ್ತವೆ. ಆಗ ಗಾಡಿ ಚಲಿಸುತ್ತದೆ.

ದಶಕಗಳಷ್ಟು ಹಳೆಯ ಯಂತ್ರಗಳಲ್ಲಿ ಕೆಡುವುದೂ ಇದೇ ಹಿಡಿತ. ಆಕ್ಸಿಲರೇಟರ್ ಒತ್ತದಿದ್ದರೂ ಗಾಡಿ ತೆವಳಿದರೆ ಮೊದಲು ನೋಡಬೇಕಾದದ್ದು ಎಂಜಿನ್ನಿನ ಐಡಲ್ ವೇಗ. ಅದು ಸರಿಯಿದ್ದರೆ ಬೆಲ್ಟಿನ ಬಿಗಿ. ಬಳಿಕ ಸೋತ ಅಥವಾ ಮುರಿದ ಸ್ಪ್ರಿಂಗ್. ಬೇಸಿಗೆಯಿಡೀ ಕೊಟ್ಟಿಗೆಯಲ್ಲಿ ನಿಂತ ಯಂತ್ರದಲ್ಲಿ ತುಕ್ಕಿನಿಂದ ಜಾರುವ ತಟ್ಟೆ ಶಾಫ್ಟಿಗೆ ಕಚ್ಚಿಕೊಂಡು ಹಿಂದೆ ಸರಿಯದಿರುವುದೂ ಉಂಟು. ಎಂಜಿನ್ ಅಬ್ಬರಿಸಿದರೂ ಗಾಡಿ ತಡವಾಗಿ, ಜಗ್ಗಿದಂತೆ ಹೊರಟರೆ ಬೆಲ್ಟ್ ಸವೆದು ಅಗಲ ಕಡಿಮೆಯಾಗಿದೆಯೇ, ತೂಕಗಳ ಬುಷ್ ಸವೆದು ಸಿಕ್ಕಿಕೊಳ್ಳುತ್ತಿವೆಯೇ ಎಂದು ಪರೀಕ್ಷಿಸಬೇಕು. ಬೆಲ್ಟಿನ ಬದಿ ಗಾಜಿನಂತೆ ಹೊಳೆಯುತ್ತಿದ್ದರೆ ಅದು ಜಾರುತ್ತಿದೆ ಎಂದೇ ತಿಳಿಯಬೇಕು. ಹೊಸ ಬೆಲ್ಟ್ ಬೇಗನೆ ಹಾಳಾಗುತ್ತಿದ್ದರೆ ಎರಡು ಪುಲ್ಲಿಗಳು ಒಂದೇ ನೇರದಲ್ಲಿಲ್ಲದಿರುವ ಸಂಭವವೇ ಹೆಚ್ಚು. ಗುಬ್ಬಿ, ಕುಣಿಗಲ್‌ನ ಸ್ಕೂಟರ್ ಮೆಕ್ಯಾನಿಕ್‌ಗಳಿಗೆ ಈ ಲಕ್ಷಣಗಳಲ್ಲಿ ಬಹುಪಾಲು ಪರಿಚಿತವೇ. ಬೆಲ್ಟು ತಾಗುವ ತಟ್ಟೆಯ ಮುಖಕ್ಕೆ ಎಣ್ಣೆ, ಗ್ರೀಸ್ ಸೋಕಿಸಬಾರದೆಂಬ ನಿಯಮವೂ ಎರಡೂ ಕಡೆ ಒಂದೇ. ಮುಚ್ಚಳ ತೆಗೆದು ಎಂಜಿನ್ ಏರಿಸಿ ನೋಡುವ ಚಪಲ ಮಾತ್ರ ಬೇಡ. ತುಂಡಾದ ಬೆಲ್ಟ್ ಚಾಟಿಯಂತೆ ಹೊರಗೆ ಸಿಡಿಯುತ್ತದೆ.