ನ್ಯಾಯಪೀಠದ ಜಾನ್ ಮಾರ್ಷಲ್

ಅಮೆರಿಕದ ಸರ್ಕಾರದ ಮೂರು ಅಂಗಗಳನ್ನು ಬಾಯಿಪಾಠ ಮಾಡುವಾಗ ಮೂರನೆಯದಾದ ನ್ಯಾಯಾಂಗ ನನಗೆ ಬಡಪಾಯಿಯಾಗಿ ಕಂಡಿತ್ತು. ಕಾಂಗ್ರೆಸ್ಸಿನ ಕೈಯಲ್ಲಿ ಬೊಕ್ಕಸ, ಅಧ್ಯಕ್ಷನ ಕೈಯಲ್ಲಿ ಸೈನ್ಯ; ನ್ಯಾಯಾಲಯಕ್ಕೇನಿದೆ? ಜಾನ್ ಮಾರ್ಷಲನ ಬಾಳನ್ನು ಓದಿದ ಮೇಲೆ ನನ್ನ ಎಣಿಕೆ ಬದಲಾಯಿತು.

1755ರಲ್ಲಿ ವರ್ಜೀನಿಯದಲ್ಲಿ ಹುಟ್ಟಿದ ಅವನು ಹದಿನೈದು ಮಕ್ಕಳಲ್ಲಿ ಹಿರಿಯ. ಶಾಲೆಯ ಓದು ಅಲ್ಪ. ಸ್ವಾತಂತ್ರ್ಯ ಸಮರದಲ್ಲಿ ಹೋರಾಡಿ, ವಕೀಲನಾಗಿ, 1801ರಲ್ಲಿ ಮುಖ್ಯ ನ್ಯಾಯಾಧೀಶನಾದನು.

1803ರಲ್ಲಿ ಮಾರ್ಬರಿಯ ಮೊಕದ್ದಮೆ ತೀರ್ಮಾನಕ್ಕೆ ಬಂತು. ಹಿಂದಿನ ಅಧ್ಯಕ್ಷನು ಸಹಿ ಮಾಡಿದ್ದ ನೇಮಕದ ಪತ್ರ ಅವನ ಕೈಸೇರಿರಲಿಲ್ಲ. ತಲುಪಿಸಬೇಕಾಗಿದ್ದವನು ಆಗ ಕಾರ್ಯದರ್ಶಿಯಾಗಿದ್ದ ಮಾರ್ಷಲನೇ! ಹೊಸ ಅಧ್ಯಕ್ಷ ಜೆಫರ್ಸನ್ ಅದನ್ನು ತಡೆದನು. ಕೊಡಿರೆಂದರೆ ಸರ್ಕಾರ ಕೇಳುವಂತಿರಲಿಲ್ಲ; ಬೇಡವೆಂದರೆ ನ್ಯಾಯಾಲಯ ಅಂಜಿದಂತಾಗುತ್ತಿತ್ತು. ಮಾರ್ಬರಿಗೆ ಹಕ್ಕುಂಟು, ಆದರೆ ಅವನು ನೇರವಾಗಿ ಇಲ್ಲಿಗೆ ಬರಲು ಆಧಾರವಾದ 1789ರ ಕಾನೂನಿನ ಭಾಗವೇ ಸಂವಿಧಾನಕ್ಕೆ ವಿರುದ್ಧ, ಆದ್ದರಿಂದ ಅಸಿಂಧು ಎಂದು ಮಾರ್ಷಲನು ತೀರ್ಪಿತ್ತನು. ಮಾರ್ಬರಿಗೆ ಹುದ್ದೆ ಸಿಗಲಿಲ್ಲ. ಶಾಸನಗಳನ್ನು ಒರೆಗೆ ಹಚ್ಚುವ ಅಧಿಕಾರ ನ್ಯಾಯಾಲಯದಲ್ಲಿ ನೆಲೆನಿಂತಿತು.

34 ವರ್ಷ ಆ ಪೀಠದಲ್ಲಿದ್ದು 1835ರಲ್ಲಿ ಅವನು ತೀರಿಕೊಂಡನು. ಮೂಲಭೂತ ಹಕ್ಕುಗಳಿಗೆ ವಿರುದ್ಧವಾದ ಕಾನೂನು ಅಸಿಂಧುವೆಂದು ನಮ್ಮ ಸಂವಿಧಾನದ 13ನೆಯ ವಿಧಿ ಬರೆದೇ ಹೇಳುತ್ತದೆ. ಅಂಥ ಬರಹವಿಲ್ಲದ ನಾಡಿನಲ್ಲಿ ಕತ್ತಿಯಿಲ್ಲದೆ ಗೆದ್ದವನು ಮಾರ್ಷಲ್.